ಗಂಡು ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ: ಆರೋಗ್ಯ ಹಾಗೂ ನಡವಳಿಕೆಯ ಮೇಲಾಗುವ ಪರಿಣಾಮಗಳು

ಪೀಠಿಕೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ, ಹೊಂಗಡಹಳ್ಳ, ಹೆತ್ತೂರು, ಬಿಸ್ಲೆ ಮೊದಲಾದ ಕಡೆಗಳಲ್ಲಿ, ನಾಯಿ ಸಾಕುವುದು ಹವ್ಯಾಸವಲ್ಲ, ಅವಶ್ಯಕತೆ. ಮನೆಯಿಂದ ಮನೆಗೆ ದೂರವಿದ್ದು, ಕಾಫಿ ತೋಟ, ಗದ್ದೆ ಹಾಗೂ ಕಾಡಿನ ಅಂಚು ಒಂದಕ್ಕೊಂದು ತಾಗಿಕೊಂಡಿರುವ ಈ ಪ್ರದೇಶದಲ್ಲಿ ರಾತ್ರಿಯ ಕಾವಲಿಗೆ ನಾಯಿಯನ್ನೇ ನೆಚ್ಚಿಕೊಳ್ಳಲಾಗಿದೆ. ಕಾಡಾನೆ ಗದ್ದೆಗಿಳಿದುದನ್ನು ಮನೆಯವರಿಗೆ ಮೊದಲು ತಿಳಿಸುವುದೂ ಬಹುಪಾಲು ನಾಯಿಯ ಬೊಗಳುವಿಕೆಯೇ ಆಗಿರುತ್ತದೆ.

ಹೆಣ್ಣು ಮರಿ ದೊಡ್ಡದಾದರೆ ಪದೇ ಪದೇ ಮರಿ ಹಾಕುವುದೆಂಬ ಕಾರಣಕ್ಕೆ ಗಂಡು ಮರಿಯನ್ನೇ ಆರಿಸಿ ತರುವುದು ಗ್ರಾಮೀಣ ಭಾಗದ ರೂಢಿ. ಹೀಗೆ ತಂದ ಗಂಡು ನಾಯಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಬೇರೆ ಬಗೆಯ ತೊಂದರೆ ಎದುರಾಗುತ್ತದೆ. ಮಳೆಗಾಲ ಹಿಂದೆ ಸರಿದು ಕಾರ್ತಿಕ ಮಾಸ ಸಮೀಪಿಸುತ್ತಿದ್ದಂತೆ ಊರಿನ ಹೆಣ್ಣು ನಾಯಿಗಳು ಬೆದೆಗೆ ಬರುತ್ತವೆ. ಆಗ ಗಂಡು ನಾಯಿ ಮನೆ ಬಿಟ್ಟು ಎರಡು ಮೂರು ದಿನ ಕಾಣೆಯಾಗುವುದು, ಮೈತುಂಬ ಕಚ್ಚಿಸಿಕೊಂಡು ಹಿಂತಿರುಗುವುದು, ಕೆಲವೊಮ್ಮೆ ಹಿಂತಿರುಗದೆಯೇ ಹೋಗುವುದು ಸಾಮಾನ್ಯ. ಅರೇಬಿಕಾ ಕಾಫಿಯ ಕೊಯ್ಲು ಪ್ರಾರಂಭವಾಗಿ ಕಣದಲ್ಲಿ ಕಾಫಿ ಹರವುವುದೂ ಇದೇ ಸಮಯದಲ್ಲಿ. ಅಂದರೆ ಕಾವಲು ಅತ್ಯಂತ ಅವಶ್ಯವಿರುವ ವಾರಗಳಲ್ಲಿಯೇ ಕಾವಲು ನಾಯಿ ಮನೆಯಲ್ಲಿರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಪಶುವೈದ್ಯರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದಾಗ ಶ್ವಾನ ಪಾಲಕರು ಹಿಂಜರಿಯುವುದು ಕಂಡುಬಂದಿದೆ. ನಾಯಿ ಮೆತ್ತಗಾಗುವುದು, ಬೊಗಳುವುದನ್ನು ಬಿಡುವುದು, ಕೊಬ್ಬಿ ಮೂಲೆ ಸೇರುವುದು ಎಂಬ ಅಂಜಿಕೆ ಇದಕ್ಕೆ ಕಾರಣ. ಈ ಅಂಜಿಕೆಯಲ್ಲಿ ಯಾವ ಅಂಶ ಸರಿ, ಯಾವುದು ತಪ್ಪು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಶಸ್ತ್ರಚಿಕಿತ್ಸೆಯ ಸ್ವರೂಪ

ಗಂಡು ನಾಯಿಯ ಎರಡು ವೃಷಣಗಳು, ಅಂದರೆ ಆಡುಮಾತಿನಲ್ಲಿ ಬೀಜಗಳು, ಎರಡು ಕೆಲಸಗಳನ್ನು ನಿರ್ವಹಿಸುತ್ತವೆ: ವೀರ್ಯಾಣುಗಳ ಉತ್ಪಾದನೆ ಹಾಗೂ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಉತ್ಪಾದನೆ. ಪೂರ್ಣ ಅರಿವಳಿಕೆ ನೀಡಿ, ಚೀಲದ ಮುಂಭಾಗದಲ್ಲಿ ಒಂದು ಸಣ್ಣ ಗಾಯ ಮಾಡಿ, ರಕ್ತನಾಳಗಳನ್ನು ಬಿಗಿಯಾಗಿ ಕಟ್ಟಿ, ಎರಡೂ ವೃಷಣಗಳನ್ನು ಹೊರತೆಗೆಯುವುದೇ ಈ ಶಸ್ತ್ರಚಿಕಿತ್ಸೆ. ಹೆಣ್ಣು ನಾಯಿಯ ಶಸ್ತ್ರಚಿಕಿತ್ಸೆಯಂತೆ ಇಲ್ಲಿ ಹೊಟ್ಟೆಯನ್ನು ತೆರೆಯಬೇಕಾಗಿರುವುದಿಲ್ಲ. ಆದುದರಿಂದ ಸಮಯವೂ ಅಪಾಯವೂ ಕಡಿಮೆ. ಸಾಮಾನ್ಯವಾಗಿ ಅದೇ ದಿನ ನಾಯಿಯನ್ನು ಮನೆಗೆ ಕರೆದೊಯ್ಯಬಹುದು.

ರಕ್ತದಲ್ಲಿನ ಗಂಡು ಹಾರ್ಮೋನಿನ ಪ್ರಮಾಣ ಶಸ್ತ್ರಚಿಕಿತ್ಸೆಯ ನಂತರ ಬಹುಬೇಗ ಇಳಿಯುತ್ತದೆ. ಆದರೆ ವೀರ್ಯನಾಳದಲ್ಲಿ ಮೊದಲೇ ಸಂಗ್ರಹವಾಗಿದ್ದ ವೀರ್ಯಾಣುಗಳು ಕೆಲವು ಕಾಲ ಉಳಿದಿರುತ್ತವೆಯಾದ್ದರಿಂದ ನಾಲ್ಕರಿಂದ ಆರು ವಾರಗಳವರೆಗೆ ಬೆದೆಗೆ ಬಂದ ಹೆಣ್ಣು ನಾಯಿಯೊಡನೆ ಬಿಡಬಾರದು. ಶಸ್ತ್ರಚಿಕಿತ್ಸೆಯಾದ ಮಾರನೆಯ ವಾರವೇ ನಾಯಿ ಹೆಣ್ಣಿನ ಹಿಂದೆ ಹೋಯಿತೆಂದು ದೂರುವವರಿಗೆ ಇದೇ ಉತ್ತರ. ನಡವಳಿಕೆಯಲ್ಲಿನ ಬದಲಾವಣೆ ಕೆಲವು ನಾಯಿಗಳಲ್ಲಿ ಬೇಗನೆ, ಕೆಲವದರಲ್ಲಿ ತಿಂಗಳುಗಳ ಅವಧಿಯಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ.

ವೀರ್ಯನಾಳವನ್ನು ಮಾತ್ರ ಕತ್ತರಿಸುವ ವ್ಯಾಸೆಕ್ಟಮಿ ಕ್ರಮದಿಂದ ಮರಿ ಹುಟ್ಟುವುದು ನಿಲ್ಲುತ್ತದೆಯೇ ಹೊರತು ಹಾರ್ಮೋನು ಹಾಗೆಯೇ ಉಳಿಯುವುದರಿಂದ ಅಲೆಮಾರಿತನ ನಿಲ್ಲುವುದಿಲ್ಲ. ಹೋರಿಗಳಿಗೆ ಬಳಸುವ ಬರ್ಡಿಜೋ ಇಕ್ಕಳವನ್ನಾಗಲಿ, ರಬ್ಬರ್ ಉಂಗುರ ಅಥವಾ ದಾರ ಕಟ್ಟುವ ನಾಟಿ ಕ್ರಮವನ್ನಾಗಲಿ ನಾಯಿಗಳಿಗೆ ಎಂದಿಗೂ ಅನುಸರಿಸಬಾರದು. ತರಬೇತಿಯಿಲ್ಲದವರಿಂದ, ಅರಿವಳಿಕೆಯಿಲ್ಲದೆ ಇಂತಹ ಕೆಲಸ ಮಾಡಿಸಿದಲ್ಲಿ ನಾಯಿ ಕೊಳೆಗಾಯದಿಂದ ಸಾಯುವ ಸಂಭವವಿರುತ್ತದೆ. ಪ್ರಾಣಿಗಳಿಗೆ ಅನಗತ್ಯ ನೋವುಂಟುಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ವಯ ಅಪರಾಧವೂ ಆಗಿರುತ್ತದೆ.

ನಾಯಿ ಕಾವಲು ಕಾಯುವುದನ್ನು ಬಿಡುವುದೇ?

ಬಿಡುವುದಿಲ್ಲ. ಶ್ವಾನ ಪಾಲಕರು ಕೇಳುವ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಸೂಕ್ತ.

ನಾಯಿಯ ನಡವಳಿಕೆಗಳೆಲ್ಲವೂ ಗಂಡು ಹಾರ್ಮೋನಿನಿಂದ ಬಂದವುಗಳಲ್ಲ. ಬೆದೆಯ ವಾಸನೆ ಹಿಡಿದು ಮೈಲಿಗಟ್ಟಲೆ ಅಲೆಯುವುದು, ಬೇರೆ ಗಂಡು ನಾಯಿಗಳೊಡನೆ ಹೆಣ್ಣಿಗಾಗಿ ಕಾದಾಡುವುದು, ಕಂಬ, ಬೈಕಿನ ಚಕ್ರ, ಮನೆಯ ಬಾಗಿಲಿಗೆ ಕಾಲೆತ್ತಿ ಮೂತ್ರ ಸಿಂಪಡಿಸುವುದು, ಮನುಷ್ಯರ ಕಾಲಿಗೆ ಅಥವಾ ವಸ್ತುಗಳಿಗೆ ಹತ್ತುವುದು, ಇವು ಆ ಹಾರ್ಮೋನಿಗೆ ಸೇರಿದವು. ತನ್ನ ಮನೆ, ತನ್ನ ಅಂಗಳ, ತನ್ನ ಜನ ಎಂದು ಗುರುತಿಸಿ ಅಪರಿಚಿತರನ್ನು ಕಂಡರೆ ಬೊಗಳುವುದು ಅದಕ್ಕೆ ಸೇರಿದುದಲ್ಲ. ಹೆಣ್ಣು ನಾಯಿಗಳೂ ಅಷ್ಟೇ ಚೆನ್ನಾಗಿ ಮನೆ ಕಾಯುತ್ತವೆಂಬುದನ್ನು ನೆನಪಿಸಿಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ.

ಅಮೆರಿಕದ ಸಂಶೋಧಕರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆಳೆದ 42 ಗಂಡು ನಾಯಿಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಹಾಗೂ ನಂತರದ ನಡವಳಿಕೆಯನ್ನು ಪಾಲಕರಿಂದ ಕೇಳಿ ದಾಖಲಿಸಲಾಯಿತು. ಅಲೆಯುವ ಚಟವಿದ್ದ ನಾಯಿಗಳ ಪೈಕಿ ಶೇಕಡ 90ರಷ್ಟರಲ್ಲಿ ಆ ಚಟ ಕಡಿಮೆಯಾಯಿತು. ಗಂಡು ನಾಯಿಗಳ ನಡುವಿನ ಕಾದಾಟ ಹಾಗೂ ಹತ್ತುವ ಅಭ್ಯಾಸ ಶೇಕಡ 60ಕ್ಕೂ ಹೆಚ್ಚು ನಾಯಿಗಳಲ್ಲಿಯೂ, ಮನೆಯೊಳಗೆ ಮೂತ್ರ ಸಿಂಪಡಿಸುವುದು ಅರ್ಧದಷ್ಟು ನಾಯಿಗಳಲ್ಲಿಯೂ ತಗ್ಗಿತು. ತನ್ನ ಜಾಗ ಕಾಯುವ ಸ್ವಭಾವದಲ್ಲಿಯೂ, ಹೆದರಿಕೆಯಿಂದ ಮೈಮೇಲೆ ಬೀಳುವ ಸ್ವಭಾವದಲ್ಲಿಯೂ ಬದಲಾವಣೆ ಕಂಡುಬರಲಿಲ್ಲ. 1997ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿಯೂ ಅಲೆಯುವುದು, ಹತ್ತುವುದು, ಮೂತ್ರ ಸಿಂಪಡಿಸುವುದು ಈ ಮೂರೂ ಬಹುಪಾಲು ನಾಯಿಗಳಲ್ಲಿ ಅರ್ಧಕ್ಕೂ ಹೆಚ್ಚು ತಗ್ಗಿದವು. ಆ ಅಧ್ಯಯನದ ಇನ್ನೊಂದು ಅಂಶ ಗಮನಾರ್ಹ: ನಾಯಿಯ ವಯಸ್ಸಾಗಲಿ, ಆ ಚಟ ಎಷ್ಟು ವರ್ಷ ಹಳೆಯದೆಂಬುದಾಗಲಿ ಸುಧಾರಣೆಯ ಪ್ರಮಾಣವನ್ನು ನಿರ್ಧರಿಸಲಿಲ್ಲ. ಆದ್ದರಿಂದ ಐದಾರು ವರ್ಷದ ನಾಯಿಗೆ ಇನ್ನು ಮಾಡಿಸಿ ಫಲವಿಲ್ಲವೆಂದು ಕೈಬಿಡಬೇಕಾಗಿಲ್ಲ.

ಇದೇ ಲೆಕ್ಕದ ಇನ್ನೊಂದು ಬದಿಯನ್ನೂ ನೋಡತಕ್ಕದ್ದು. ಮನೆಯವರನ್ನೇ ಕಚ್ಚುವ, ಅನ್ನದ ತಟ್ಟೆಯ ಬಳಿ ಗುರ್ರೆನ್ನುವ, ಮಕ್ಕಳನ್ನು ಕಂಡರೆ ಬೆದರಿ ಎರಗುವ ನಾಯಿಯನ್ನು ಈ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದೆಂದು ನಂಬಿ ಬರುವವರು ನಿರಾಶರಾಗುವ ಸಂಭವವೇ ಹೆಚ್ಚು. ಅಂಜುಬುರುಕ ನಾಯಿಗಳಲ್ಲಿ ಹೆದರಿಕೆ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾಗಬಹುದೆಂದು ಸೂಚಿಸುವ ಅಧ್ಯಯನಗಳೂ ಇವೆ. ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ರೇಗುವ ನಾಯಿಗೆ ಬೇಕಾದುದು ಉದ್ದನೆಯ ಹಗ್ಗ, ನಡಿಗೆ, ಮನುಷ್ಯರ ಒಡನಾಟ. ಅದು ಶಸ್ತ್ರಚಿಕಿತ್ಸೆಯಿಂದ ದೊರೆಯುವುದಲ್ಲ. ಹಾಗೆಯೇ ಕೋಳಿ ಹಿಡಿಯುವ, ದನ ಅಟ್ಟುವ, ಮೊಲದ ಹಿಂದೆ ಓಡುವ ಬುದ್ಧಿ ಬೇಟೆಯ ಬುದ್ಧಿಯಾಗಿದ್ದು, ಅದು ಹಾಗೆಯೇ ಉಳಿಯುತ್ತದೆ.

ಅಲೆದಾಟ ತಗ್ಗುವುದರಿಂದ ಈ ಭಾಗದಲ್ಲಿ ಆಗುವ ಪ್ರಯೋಜನ ಪಟ್ಟಣದ ನಾಯಿಗಿಂತ ಹೆಚ್ಚು. ರಾತ್ರಿ ಒಂಟಿಯಾಗಿ ಸುತ್ತುವ ನಾಯಿ ಚಿರತೆಗೆ ಸುಲಭದ ಆಹಾರ. ಕಾಡುಹಂದಿಗೆಂದು ಕಾನೂನುಬಾಹಿರವಾಗಿ ಕಟ್ಟಿದ ಉರುಳಿಗೆ ನಾಯಿಗಳು ಸಿಲುಕುತ್ತವೆ, ರಸ್ತೆಯಲ್ಲಿ ವಾಹನಕ್ಕೆ ಸಿಲುಕುತ್ತವೆ. ಊರ ನಾಯಿಗಳು ಕಾಡಿನೊಳಗೆ ಅಲೆದಲ್ಲಿ ಅವುಗಳ ಡಿಸ್ಟೆಂಪರ್‌ನಂತಹ ರೋಗಗಳು ಸೀಳುನಾಯಿ ಮೊದಲಾದ ವನ್ಯಪ್ರಾಣಿಗಳಿಗೂ ತಗಲುವ ಅಪಾಯವಿರುತ್ತದೆ. ಆದರೂ ಕಾಡಂಚಿನ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಯನ್ನೂ ರಾತ್ರಿ ಭದ್ರವಾದ ಗೂಡಿನಲ್ಲಿಯೋ ಮನೆಯ ಜಗಲಿಯಲ್ಲಿಯೋ ಇರಿಸುವುದು ಒಳ್ಳೆಯದು. ಅಂಗಳಕ್ಕೇ ಬರುವ ಚಿರತೆ ನಾಯಿಗೆ ಶಸ್ತ್ರಚಿಕಿತ್ಸೆಯಾಗಿದೆಯೇ ಎಂದು ವಿಚಾರಿಸುವುದಿಲ್ಲ.

ಆರೋಗ್ಯದ ಮೇಲಾಗುವ ಅನುಕೂಲಗಳು

ವೃಷಣಗಳನ್ನು ತೆಗೆದ ಮೇಲೆ ವೃಷಣದ ಗೆಡ್ಡೆ ಬರುವ ಪ್ರಶ್ನೆಯೇ ಉಳಿಯುವುದಿಲ್ಲ. ವಯಸ್ಸಾದ ಗಂಡು ನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ, ಮಲ ವಿಸರ್ಜನೆಗೆ ತಿಣುಕುವುದು, ಮೂತ್ರದಲ್ಲಿ ರಕ್ತ ಬರುವುದು ಸಾಮಾನ್ಯ. ಇದು ಗಂಡು ಹಾರ್ಮೋನಿನಿಂದಲೇ ಆಗುವ ತೊಂದರೆಯಾದ್ದರಿಂದ ಶಸ್ತ್ರಚಿಕಿತ್ಸೆಯೇ ಇದರ ಮುಖ್ಯ ಚಿಕಿತ್ಸೆಯೂ ಆಗಿದ್ದು, ಕೆಲವು ವಾರಗಳಲ್ಲಿ ಗ್ರಂಥಿ ಕುಗ್ಗುತ್ತದೆ. ಗುದದ್ವಾರದ ಸುತ್ತಲಿನ ಕೆಲವು ಬಗೆಯ ಗೆಡ್ಡೆಗಳು ಹಾಗೂ ಆ ಭಾಗದ ಹರ್ನಿಯಾ ಸಹ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಕಡಿಮೆ.

ನಮ್ಮ ದೇಶದ ಬಿಡಾಡಿ ನಾಯಿಗಳಲ್ಲಿ ಕಂಡುಬರುವ ಒಂದು ರೋಗವನ್ನು ಪ್ರತ್ಯೇಕವಾಗಿ ತಿಳಿಸಬೇಕಾಗಿದೆ. ಜನನೇಂದ್ರಿಯದ ಮೇಲೆ ಹೂಕೋಸಿನಂತೆ ಬೆಳೆದು ಸದಾ ರಕ್ತ ಸೋರುವ ಈ ಗೆಡ್ಡೆ ಒಂದು ಸಾಂಕ್ರಾಮಿಕ ಕ್ಯಾನ್ಸರ್ ಆಗಿದ್ದು, ಸಂಭೋಗದ ವೇಳೆ ಜೀವಂತ ಕ್ಯಾನ್ಸರ್ ಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುವುದರಿಂದ ಹರಡುತ್ತದೆ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದ ಒಂದೇ ನಾಯಿಯಲ್ಲಿ ಹುಟ್ಟಿದ ಕೋಶಗಳು ಹೀಗೆ ದಾಟುತ್ತಾ ಇಂದಿಗೂ ಜಗತ್ತಿನಾದ್ಯಂತ ಉಳಿದುಕೊಂಡಿವೆ ಎಂದು 2019ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತಿಳಿಸಿದೆ. ವಿನ್‌ಕ್ರಿಸ್ಟಿನ್ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಹಲವು ವಾರ ನೀಡಿದಲ್ಲಿ ಬಹುಪಾಲು ನಾಯಿಗಳು ಗುಣವಾಗುತ್ತವೆಯಾದರೂ ಅಷ್ಟು ವಾರ ಆಸ್ಪತ್ರೆಗೆ ಓಡಾಡುವುದು ದೂರದ ಹಳ್ಳಿಯವರಿಗೆ ಸುಲಭವಲ್ಲ. ಕೂಡುವುದು ನಿಂತರೆ ಈ ರೋಗ ತಗಲುವ ಮುಖ್ಯ ದಾರಿಯೇ ಮುಚ್ಚಿದಂತಾಗುತ್ತದೆ.

ಕೆಲವು ಗಂಡು ಮರಿಗಳಲ್ಲಿ ಒಂದು ಅಥವಾ ಎರಡೂ ಬೀಜಗಳು ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲಿಯೋ ತೊಡೆಸಂದಿಯಲ್ಲಿಯೋ ಉಳಿದಿರುತ್ತವೆ. ಆರು ತಿಂಗಳಾದರೂ ಚೀಲದಲ್ಲಿ ಎರಡು ಬೀಜಗಳು ಕೈಗೆ ಸಿಗದಿದ್ದಲ್ಲಿ ಪಶುವೈದ್ಯರಿಗೆ ತೋರಿಸುವುದು. ಹೀಗೆ ಒಳಗುಳಿದ ಬೀಜದಲ್ಲಿ ಗೆಡ್ಡೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು. ಇದು ವಂಶಪಾರಂಪರ್ಯ ದೋಷವೂ ಆದುದರಿಂದ ಇಂತಹ ನಾಯಿಯನ್ನು ತಳಿಗಾಗಿ ಬಳಸಬಾರದು. ಹೊರಗಿರುವ ಒಂದನ್ನು ಮಾತ್ರ ತೆಗೆಸಿ ಸುಮ್ಮನಾಗುವುದು ತಪ್ಪು. ಅಪಾಯವಿರುವುದು ಒಳಗಿರುವುದರಲ್ಲಿ.

ಅನಾನುಕೂಲಗಳು

ಇವುಗಳನ್ನು ಮರೆಮಾಚಬೇಕಾದ ಕಾರಣವಿಲ್ಲ. ಮೊದಲನೆಯದಾಗಿ ಮೈ ಬರುವುದು. ಶಸ್ತ್ರಚಿಕಿತ್ಸೆಯ ನಂತರ ನಾಯಿಗೆ ಬೇಕಾಗುವ ಆಹಾರ ಸುಮಾರು ಶೇಕಡ 20ರಿಂದ 30ರಷ್ಟು ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚಾಗುತ್ತದೆ. ನಾಯಿ ಕೊಬ್ಬಿ ಮೂಲೆ ಸೇರಿತೆಂಬ ದೂರಿನ ಹಿಂದಿರುವುದು ಬಹುಮಟ್ಟಿಗೆ ಈ ಅನ್ನದ ಲೆಕ್ಕವೇ. ಮೊದಲು ಹಾಕುತ್ತಿದ್ದ ಅನ್ನ, ಮುದ್ದೆ, ಮಾಂಸದ ಚೂರುಗಳ ಪ್ರಮಾಣದಲ್ಲಿ ಕಾಲುಭಾಗ ಕಡಿಮೆ ಮಾಡಿ, ತಿಂಗಳಿಗೊಮ್ಮೆ ಪಕ್ಕೆಲುಬುಗಳನ್ನು ಮುಟ್ಟಿ ನೋಡತಕ್ಕದ್ದು. ಹಗುರವಾಗಿ ಒತ್ತಿದರೆ ಪಕ್ಕೆಲುಬು ಬೆರಳಿಗೆ ಸಿಗುವಂತಿದ್ದರೆ ತೂಕ ಸರಿಯಾಗಿದೆ ಎಂದರ್ಥ. ಮನೆಯಲ್ಲಿ ಒಬ್ಬರು ಮಾತ್ರ ನಾಯಿಗೆ ಊಟ ಹಾಕುವ ಪದ್ಧತಿಯಿದ್ದಲ್ಲಿ ಈ ಲೆಕ್ಕ ಕೈತಪ್ಪುವುದಿಲ್ಲ.

ಎರಡನೆಯದು ಕೀಲು ಹಾಗೂ ಮೂಳೆಗಳಿಗೆ ಸಂಬಂಧಿಸಿದುದು. ಮೂಳೆಗಳು ಬೆಳೆಯುವುದನ್ನು ನಿಲ್ಲಿಸಲು ಲೈಂಗಿಕ ಹಾರ್ಮೋನುಗಳ ಸೂಚನೆ ಬೇಕಾಗಿರುತ್ತದೆ. ತೀರಾ ಚಿಕ್ಕ ವಯಸ್ಸಿನಲ್ಲಿ ವೃಷಣಗಳನ್ನು ತೆಗೆದರೆ ಕಾಲಿನ ಮೂಳೆಗಳು ಸ್ವಲ್ಪ ಹೆಚ್ಚು ಕಾಲ ಬೆಳೆಯುತ್ತವೆ, ದೊಡ್ಡ ತಳಿಗಳಲ್ಲಿ ಕೀಲಿನ ತೊಂದರೆಗಳು ಹೆಚ್ಚಾಗುತ್ತವೆ. ರಾಟ್‌ವೈಲರ್ ತಳಿಯಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದ ನಾಯಿಗಳಿಗೆ ಮೂಳೆ ಕ್ಯಾನ್ಸರ್ ಹೆಚ್ಚೆಂದು 2002ರಲ್ಲಿ ವರದಿಯಾಗಿದೆ. ಪ್ರಾಸ್ಟೇಟ್ ಗ್ರಂಥಿಯ ಊತ ಇಳಿಯುತ್ತದೆಯಾದರೂ ಅಪರೂಪವಾದ ಪ್ರಾಸ್ಟೇಟ್ ಕ್ಯಾನ್ಸರನ್ನು ಈ ಶಸ್ತ್ರಚಿಕಿತ್ಸೆ ತಡೆಯುವುದಿಲ್ಲ. ಅದು ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿಯೇ ತುಸು ಹೆಚ್ಚು ಕಂಡುಬಂದಿದೆ.

ಸೂಕ್ತ ವಯಸ್ಸು

ಎಲ್ಲಾ ನಾಯಿಗಳಿಗೂ ಆರು ತಿಂಗಳಿಗೇ ಮಾಡಿಸುವುದು ಎಂಬ ಹಿಂದಿನ ಸಲಹೆ ಈಗ ತಳಿಯನ್ನು ಅನುಸರಿಸಿ ಬದಲಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 35 ತಳಿಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ವರದಿಯಂತೆ ಸಣ್ಣ ತಳಿಗಳಲ್ಲಿ ವಯಸ್ಸಿನಿಂದ ಕೀಲಿನ ತೊಂದರೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಗೋಲ್ಡನ್ ರಿಟ್ರೀವರ್ ಮತ್ತು ರಾಟ್‌ವೈಲರ್ ಗಂಡು ನಾಯಿಗಳಿಗೆ ಒಂದು ವರ್ಷ ತುಂಬಿದ ಮೇಲೆ, ಜರ್ಮನ್ ಶೆಫರ್ಡ್‌ಗೆ ಸುಮಾರು ಎರಡು ವರ್ಷವಾದ ಮೇಲೆ ಮಾಡಿಸುವುದು ಸೂಕ್ತ. ಮಿಶ್ರ ತಳಿಗಳ ಬಗ್ಗೆ ಅದೇ ಸಂಶೋಧಕರು ಮಾಡಿದ ಅಧ್ಯಯನದಂತೆ, ಬೆಳೆದಾಗ 20 ಕಿಲೋಗ್ರಾಂ ಮೀರುವ ನಾಯಿಗಳಿಗೆ ಒಂದು ವರ್ಷದವರೆಗೆ ಕಾಯುವುದು ಲೇಸು.

ಮಲೆನಾಡಿನ ಸಾಮಾನ್ಯ ನಾಟಿ ನಾಯಿ ಆ ತೂಕವನ್ನು ಮೀರುವುದು ಕಡಿಮೆ. ಅದಕ್ಕೆ ಎಂಟರಿಂದ ಹನ್ನೆರಡು ತಿಂಗಳ ನಡುವೆ, ಅಲೆಯುವ ಚಟ ಬೇರೂರುವ ಮೊದಲು ಮಾಡಿಸುವುದು ಅನುಕೂಲಕರ. ಮುಧೋಳ ನಾಯಿಯಂತಹ ದೇಶೀಯ ತಳಿಯ ಉತ್ತಮ ಗಂಡು ನಾಯಿಯಿಂದ ಮರಿ ಪಡೆಯುವ ಉದ್ದೇಶವಿರುವವರು ಸಹಜವಾಗಿಯೇ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸತಕ್ಕದ್ದಲ್ಲ. ಒಮ್ಮೆ ಮಾಡಿಸಿದ ಮೇಲೆ ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲ.

ಸೂಕ್ತ ಕಾಲ ಹಾಗೂ ಉಣ್ಣೆ ಜ್ವರದ ಎಚ್ಚರಿಕೆ

ಶಸ್ತ್ರಚಿಕಿತ್ಸೆಯನ್ನು ವರ್ಷದ ಯಾವುದೇ ಕಾಲದಲ್ಲಿ ಮಾಡಬಹುದಾದರೂ ಸಕಲೇಶಪುರ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ತಪ್ಪಿಸುವುದು ವಿವೇಕ. ನೆಲ ಒಣಗುವುದಿಲ್ಲ, ನಾಯಿಯ ಹೊಟ್ಟೆಯ ಭಾಗ ಸದಾ ಒದ್ದೆಯಾಗಿರುತ್ತದೆ, ಗಾಯಕ್ಕೆ ಕೆಸರು ತಾಗುತ್ತದೆ, ಇಂಬಳ ಹತ್ತುತ್ತದೆ, ನೊಣ ಕುಳಿತು ಹುಳು ಬೀಳುತ್ತದೆ. ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ನಾಯಿಯನ್ನು ನೋಡಿಕೊಳ್ಳಲು ಪುರುಸೊತ್ತಿರುವುದಿಲ್ಲ. ಕೊಯ್ಲಿನ ಒತ್ತಡ ತಗ್ಗಿದ ಫೆಬ್ರವರಿಯಿಂದ ಮುಂಗಾರಿನ ಮೊದಲ ಮಳೆಯವರೆಗಿನ ಅವಧಿ ಎಲ್ಲ ರೀತಿಯಿಂದಲೂ ಸೂಕ್ತ. ಹೀಗೆ ಮಾಡಿಸಿದ ನಾಯಿ ಮುಂದಿನ ಕಾರ್ತಿಕದ ಹೊತ್ತಿಗೆ ಮನೆಯಲ್ಲಿ ನಿಲ್ಲುವ ಅಭ್ಯಾಸಕ್ಕೆ ಬಂದಿರುತ್ತದೆ.

ತೋಟದ ನಾಯಿಗಳ ಮೈಮೇಲೆ ಉಣ್ಣೆ, ಅಂದರೆ ಉಣುಗು, ಇಲ್ಲದಿರುವುದು ಅಪರೂಪ. ಇವುಗಳಿಂದ ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಎಂಬ ರೋಗಗಳನ್ನು ಉಣ್ಣೆ ಜ್ವರವೆಂದು ಕರೆಯುತ್ತಾರೆ. ಎರ್ಲಿಕಿಯಾ ತಗಲಿದ ನಾಯಿಯ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಣಗಳು ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಬೆಬೀಸಿಯಾದಿಂದ ರಕ್ತಹೀನತೆಯಾಗುತ್ತದೆ. ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುವ ನಾಯಿಯಲ್ಲಿಯೂ ಇದು ಅಡಗಿರಬಹುದು. ಇಂತಹ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ರಕ್ತಸ್ರಾವ ನಿಲ್ಲದೆ ಪ್ರಾಣಾಪಾಯವಾಗುವ ಸಂಭವವಿದೆ. ಆದ್ದರಿಂದ ಇತ್ತೀಚೆಗೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದಾದರೂ ಕಂಡುಬಂದಿದ್ದಲ್ಲಿ ತಪ್ಪದೇ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿದ ನಂತರವೇ ದಿನಾಂಕ ಪಡೆಯುವುದು. ಈ ಒಂದು ಪರೀಕ್ಷೆಗಾಗಿ ಇನ್ನೊಮ್ಮೆ ಬರಬೇಕಾದರೂ ಬೇಸರಿಸಬಾರದು.

ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ನಂತರ

ಹಿಂದಿನ ರಾತ್ರಿಯ ಊಟದ ನಂತರ ನಾಯಿಗೆ ಆಹಾರ ನೀಡಬಾರದು. ಅರಿವಳಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿದು ನಾಯಿ ಸಾಯಬಹುದು. ನೀರನ್ನು ಬೆಳಿಗ್ಗೆಯವರೆಗೆ ನೀಡಬಹುದು. ನಾಯಿಯನ್ನು ಬಿಟ್ಟುಕೊಂಡು ಮಲಗುವ ಮನೆಗಳಲ್ಲಿ ಅದು ಹೊರಗೆ ಏನನ್ನಾದರೂ ತಿಂದಿರುವ ಸಾಧ್ಯತೆ ಇರುವುದರಿಂದ ಹಿಂದಿನ ರಾತ್ರಿ ಕಟ್ಟಿರುವುದು ಅವಶ್ಯ. ಪಾಲಕರನ್ನು ಬಿಟ್ಟು ಬೇರೆಯವರ ಕೈಯಲ್ಲಿ, ಉದಾಹರಣೆಗೆ ತೋಟದ ರೈಟರ ಅಥವಾ ಜೀಪಿನ ಚಾಲಕರ ಕೈಯಲ್ಲಿ ನಾಯಿಯನ್ನು ಕಳುಹಿಸಿದರೆ ಅದು ಬೆದರುತ್ತದೆ, ರೋಗದ ಹಿನ್ನೆಲೆ ತಿಳಿಸುವವರೂ ಇರುವುದಿಲ್ಲ. ನಾಯಿಗೆ ಗೊತ್ತಿರುವವರೇ ಬರುವುದು.

ಶಸ್ತ್ರಚಿಕಿತ್ಸೆಯ ನಿಜವಾದ ಖರ್ಚು ಆಸ್ಪತ್ರೆಯ ಶುಲ್ಕವಲ್ಲ, ನಂತರದ ಹತ್ತರಿಂದ ಹದಿನಾಲ್ಕು ದಿನಗಳ ನಿಗಾ. ಈ ಅವಧಿಯಲ್ಲಿ ನಾಯಿಯನ್ನು ಒಣಗಿದ ಜಾಗದಲ್ಲಿ ಕಟ್ಟಿ, ಹಗ್ಗ ಹಿಡಿದು ಮಾತ್ರ ಹೊರಗೆ ಕರೆದೊಯ್ಯಬೇಕು. ಓಡಲು, ನೆಗೆಯಲು, ಹಳ್ಳಕ್ಕಿಳಿಯಲು ಬಿಡಬಾರದು. ಸ್ನಾನ ಮಾಡಿಸಬಾರದು. ಗಾಯ ನೆಕ್ಕಿದರೆ ಹೊಲಿಗೆ ಬಿಚ್ಚಿಕೊಳ್ಳುವುದರಿಂದ ಕೊರಳಿಗೆ ಲಾಳಿಕೆಯಾಕಾರದ ಪಟ್ಟಿಯನ್ನು ಹಾಕತಕ್ಕದ್ದು. ನಾಯಿಯ ಎಂಜಲು ಗಾಯಕ್ಕೆ ಔಷಧಿ ಎಂಬ ಮಾತು ಸರಿಯಲ್ಲ. ಮೊದಲ ಕೆಲವು ದಿನ ಚೀಲ ಸ್ವಲ್ಪ ಊದಿಕೊಂಡು ಬೀಜ ಇನ್ನೂ ಇರುವಂತೆಯೇ ಕಂಡರೆ ಗಾಬರಿಪಡಬೇಕಾಗಿಲ್ಲ. ಊತ ದಿನೇ ದಿನೇ ಹೆಚ್ಚಾಗುವುದು, ರಕ್ತ ತೊಟ್ಟಿಕ್ಕುತ್ತಲೇ ಇರುವುದು, ಕೀವು, ದುರ್ವಾಸನೆ, ಎರಡು ದಿನವಾದರೂ ಊಟ ಮುಟ್ಟದಿರುವುದು ಕಂಡುಬಂದಲ್ಲಿ ತಡಮಾಡದೆ ಪಶುವೈದ್ಯರಿಗೆ ತೋರಿಸುವುದು.

ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್, ಬೂದಿ ಹಚ್ಚಬಾರದು. ನೋವಿಗೆಂದು ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ನೀಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಗಳಲ್ಲಿ ಹೊಟ್ಟೆಯ ಹುಣ್ಣು ಹಾಗೂ ಮೂತ್ರಪಿಂಡದ ವೈಫಲ್ಯವನ್ನುಂಟುಮಾಡುತ್ತವೆ.

ರೇಬೀಸ್ ಲಸಿಕೆ ಪ್ರತ್ಯೇಕ

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ನಾಯಿಗೆ ಹುಚ್ಚು ಹಿಡಿಯುವುದಿಲ್ಲವೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಅಲೆದಾಟ ಹಾಗೂ ಕಾದಾಟ ತಗ್ಗುವುದರಿಂದ ಕಚ್ಚಿಸಿಕೊಳ್ಳುವ ಸಂದರ್ಭಗಳು ಕಡಿಮೆಯಾಗಬಹುದು, ಅಷ್ಟೇ. ಮೂರು ತಿಂಗಳ ವಯಸ್ಸಿಗೆ ಮೊದಲ ಲಸಿಕೆ, ನಂತರ ಪಶುವೈದ್ಯರು ಸೂಚಿಸಿದಂತೆ ಬೂಸ್ಟರ್ ಹಾಗೂ ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸುವುದು. ಯಾವುದೇ ನಾಯಿ ಮನುಷ್ಯರನ್ನು ಕಚ್ಚಿದಲ್ಲಿ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು.

ಊರಿನ ಬಿಡಾಡಿ ನಾಯಿಗಳ ಬಗ್ಗೆ

ತನ್ನ ಗಂಡು ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಊರಿನಲ್ಲಿ ಮರಿಗಳು ಕಡಿಮೆಯಾಗುತ್ತವೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹತ್ತು ಗಂಡು ನಾಯಿಗಳಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಉಳಿದ ಒಂದು ಊರಿನ ಎಲ್ಲಾ ಹೆಣ್ಣು ನಾಯಿಗಳಿಗೆ ಸಾಕಾಗುತ್ತದೆ. ಸಂಖ್ಯೆ ನಿಯಂತ್ರಣವಾಗಬೇಕಾದರೆ ಹೆಣ್ಣು ನಾಯಿಗಳ ಶಸ್ತ್ರಚಿಕಿತ್ಸೆಯೇ ಮುಖ್ಯ. ಗಂಡು ನಾಯಿಯ ಶಸ್ತ್ರಚಿಕಿತ್ಸೆಯ ಲಾಭ ಮೊದಲು ಆ ನಾಯಿಗೆ, ನಂತರ ಆ ಮನೆಗೆ. ಬೇಡವಾದ ಹೆಣ್ಣು ಮರಿಗಳನ್ನು ರಸ್ತೆಯ ತಿರುವಿನಲ್ಲಿ ಬಿಟ್ಟು ಬರುವ ಬದಲು ಒಂದನ್ನಾದರೂ ಸಾಕಿ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದಲ್ಲಿ ಕಾವಲಿಗೂ ಕೊರತೆಯಿಲ್ಲ, ಊರಿಗೂ ಉಪಕಾರ.

ಕೇಂದ್ರ ಸರ್ಕಾರದ 2001ರ ಪ್ರಾಣಿ ಜನನ ನಿಯಂತ್ರಣ (ನಾಯಿಗಳು) ನಿಯಮಗಳ ಸ್ಥಾನದಲ್ಲಿ ಮಾರ್ಚ್ 2023ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದಿರುತ್ತವೆ. ಇವುಗಳಂತೆ ಸಾಕು ನಾಯಿಯ ಲಸಿಕೆ ಹಾಗೂ ಸಂತಾನ ನಿಯಂತ್ರಣ ಪಾಲಕರ ಹೊಣೆ, ಬೀದಿನಾಯಿಗಳದು ಸ್ಥಳೀಯ ಸಂಸ್ಥೆಯ ಹೊಣೆ. ಆದ್ದರಿಂದ ಬೀದಿನಾಯಿಗಳಿಗೆ ಸಂಬಂಧಿಸಿದ ಮನವಿಯನ್ನು ಗ್ರಾಮ ಪಂಚಾಯಿತಿಗೆ, ಪಟ್ಟಣ ವ್ಯಾಪ್ತಿಯಲ್ಲಿ ಸಕಲೇಶಪುರ ಪುರಸಭೆಗೆ ಸಲ್ಲಿಸುವುದು. ಪಶು ಆಸ್ಪತ್ರೆಗೆ ಸಲ್ಲಿಸಿದಲ್ಲಿ ಅರ್ಜಿ ಅಲ್ಲಿಂದ ಇಲ್ಲಿಗೆ ಸುತ್ತುವುದರಲ್ಲಿ ವಿಳಂಬವಾಗುತ್ತದೆ. ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಯನ್ನು ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡಬೇಕಾಗುತ್ತದೆ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಯೇ ಮರಳಿ ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ದಿನಾಂಕ 7-11-2025ರ ಆದೇಶದಲ್ಲಿ ಸೂಚಿಸಿದೆ.

ಸೇವೆ ಪಡೆಯುವ ವಿಧಾನ

ಸಾಕು ನಾಯಿಯ ಶಸ್ತ್ರಚಿಕಿತ್ಸೆಗಾಗಿ ಮೊದಲು ಸಮೀಪದ ಸರ್ಕಾರಿ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯಕ್ಕೆ ನಾಯಿಯನ್ನು ತಪಾಸಣೆಗೆ ಕರೆತರುವುದು. ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ ಎಲ್ಲಾ ಚಿಕಿತ್ಸಾಲಯಗಳಲ್ಲಿ ಇರುವುದಿಲ್ಲವಾದ್ದರಿಂದ ಅಗತ್ಯವಿದ್ದಲ್ಲಿ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಗೆ ಕಳುಹಿಸಿಕೊಡಲಾಗುವುದು. ಹೊಟ್ಟೆಯಲ್ಲಿ ಉಳಿದ ಬೀಜ, ಪ್ರಾಸ್ಟೇಟ್ ತೊಂದರೆ, ಹೃದಯದ ಕಾಯಿಲೆ ಮೊದಲಾದ ಕ್ಲಿಷ್ಟ ಪ್ರಕರಣಗಳಿಗೆ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ತೋರಿಸಬಹುದು. ಹೊಂಗಡಹಳ್ಳದಂತಹ ದೂರದ ಗ್ರಾಮಗಳವರು ಮುಂಚಿತವಾಗಿ ವಿಚಾರಿಸಿ, ಪಶುವೈದ್ಯರು ಲಭ್ಯವಿರುವ ದಿನವನ್ನು ಖಚಿತಪಡಿಸಿಕೊಂಡು ಹೊರಡುವುದು. ಬೆಳಿಗ್ಗೆಯೇ ಬಂದಲ್ಲಿ ನಾಯಿಗೆ ಪೂರ್ಣ ಎಚ್ಚರವಾದ ಮೇಲೆ ಕತ್ತಲಾಗುವುದರೊಳಗೆ ಊರು ಸೇರಬಹುದು.

ಪಾಲಕರು ತಮ್ಮ ಹೆಸರು, ವಿಳಾಸ, ನಾಯಿಯ ತಳಿ, ಬಣ್ಣ, ವಯಸ್ಸು, ಲಸಿಕೆಯ ವಿವರ ಹಾಗೂ ಹಿಂದಿನ ಕಾಯಿಲೆಗಳನ್ನು ತಿಳಿಸಿ, ಅರಿವಳಿಕೆಯ ಅಪಾಯವನ್ನು ತಿಳಿದು ಒಪ್ಪಿರುವುದಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಾಗುತ್ತದೆ. ನಾಯಿ ಮನೆಯ ಬೇರೊಬ್ಬರದಾಗಿದ್ದಲ್ಲಿ ಅವರನ್ನು ಕೇಳಿಯೇ ಸಹಿ ಮಾಡುವುದು. ಲಸಿಕೆಯ ಕಾರ್ಡು, ಗಟ್ಟಿಯಾದ ಹಗ್ಗ ಅಥವಾ ಸರಪಳಿ, ಬಾಯಿಕುಕ್ಕೆ ಹಾಗೂ ಹಿಂದಿರುಗುವಾಗ ಹೊದಿಸಲು ಒಂದು ಗೋಣಿ ಅಥವಾ ಹಳೆಯ ಕಂಬಳಿಯನ್ನು ತರುವುದು. ಆಸ್ಪತ್ರೆಗೆ ಸಂದಾಯ ಮಾಡಿದ ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು. ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ತುರ್ತು ತೊಂದರೆ ಎದುರಾದಲ್ಲಿ ಚಿಕಿತ್ಸೆ ನೀಡಿದ ಪಶುವೈದ್ಯಾಧಿಕಾರಿಗಳನ್ನು ಅಥವಾ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ಘಟಕದ ಉಚಿತ ದೂರವಾಣಿ ಸಂಖ್ಯೆ 1962 ಅನ್ನು ಸಂಪರ್ಕಿಸುವುದು.